ಸಮುದ್ರ ಕಾಣುವ ಕೋಣೆಯಲ್ಲೊಂದು ನಿದ್ದೆ

ಆ ಭಾನುವಾರವೂ ಎಂದಿನಂತೆ ಬೆಳಕು ಹರಿಯುವ ಮೊದಲೇ ಎದ್ದೆ. ಎಂದಿನಂತೆ ಕತ್ತಲಲ್ಲೇ ಕಾಲಿನಿಂದ ಚಪ್ಪಲಿ ಹುಡುಕಿ, ನೈಟಿಯ ಮೇಲೊಂದು ಟವೆಲ್ ಹೊದ್ದುಕೊಂಡು, ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದೆ. ಹಾಲು ಇರಲಿಲ್ಲ. ಉದ್ದಕ್ಕೂ ಹಾಸಿದ ಕೆಂಪು ಜಮಖಾನ, ಎರಡೂ ಬದಿಗೆ ಒಂದೇ ಥರದ ಮುಚ್ಚಿದ ಬಾಗಿಲುಗಳು, ಎದುರು ಕೋಣೆಯ ಹೊಸ್ತಿಲಲ್ಲಿ ನನ್ನ ಹಾಗೆಯೇ ಟವೆಲ್ ಹೊದ್ದು ನಿಂತ ಇನ್ನೊಬ್ಬ ತಾಯಿ. ಆಕೆಯೂ ಹಾಲನ್ನೇ ಹುಡುಕುತ್ತಿದ್ದಳೆಂದು ಕಾಣುತ್ತದೆ. ಇಬ್ಬರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕು ಬಾಗಿಲು ಹಾಕಿಕೊಂಡೆವು. ಆಮೇಲೆ ನೆನಪಾಯಿತು: ನಾನು ವಿಜಯವಾಡದ ನಮ್ಮ ಮನೆಯಲ್ಲಿಲ್ಲ, ವಿಶಾಖಪಟ್ಟಣದ ಋಷಿಕೊಂಡದಲ್ಲಿ, ಸಮುದ್ರ ಕಾಣುವ ಕೋಣೆಯಲ್ಲಿ, ಸಂಸಾರ ಸಮೇತ ವಿಹಾರದಲ್ಲಿದ್ದೇನೆ.

ದುಡ್ಡು ಕೊಟ್ಟು ಇನ್ನೊಬ್ಬರ ಹಾಸಿಗೆಯಲ್ಲಿ ಮಲಗಿ, ಅವರ ಸೋಪಿನಲ್ಲಿ ಕೈ ತೊಳೆದು, ನಮ್ಮ ಮನೆಯ ಕಾಫಿಗಾಗಿ ಹಂಬಲಿಸುವುದಕ್ಕೆ ಈಗ ವಿಹಾರ ಎಂದು ಹೆಸರು. ನಾನು ಚಿಕ್ಕವಳಿದ್ದಾಗ ತುಮಕೂರಿನಿಂದ ದೇವರಾಯನದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ಬೆಟ್ಟ ಹತ್ತಿ, ಪುಳಿಯೋಗರೆ ತಿಂದು, ಕೋತಿಗಳಿಗೆ ಹೆದರಿ ಇಳಿದು ಬಂದರೆ ಅದೇ ವಿಹಾರ. ಖರ್ಚು ಎಂದರೆ ಬಸ್ ಚಾರ್ಜು ಮತ್ತು ಕೋತಿ ಕಿತ್ತುಕೊಂಡ ಬಾಳೆಹಣ್ಣು. ಈಗ ಕೋತಿಗಳ ಜಾಗಕ್ಕೆ ಹೋಟೆಲಿನವರು ಬಂದಿದ್ದಾರೆ. ಕೋತಿಗಾದರೂ ಒಂದು ನಾಚಿಕೆಯಿತ್ತು, ಕಿತ್ತುಕೊಂಡ ಮೇಲೆ ದೂರ ಹೋಗಿ ಮರ ಹತ್ತಿ ಕೂತುಕೊಳ್ಳುತ್ತಿತ್ತು. ಇವರು ಕಿತ್ತುಕೊಂಡು, ಅಲ್ಲೇ ನಿಂತು, "ಮೇಡಂ, ನಮ್ಮ ಬಗ್ಗೆ ಒಳ್ಳೆಯ ರಿವ್ಯೂ ಹಾಕಿ" ಎನ್ನುತ್ತಾರೆ.

ನಮ್ಮದು ಬ್ಯಾಂಕಿನ ಸಂಸಾರ. ಬ್ಯಾಂಕಿನವರು ತಮ್ಮ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶ ಸುತ್ತಿ ಬನ್ನಿ ಎಂದು ಪ್ರಯಾಣದ ಖರ್ಚು ಕೊಡುತ್ತಾರೆ. ಸುತ್ತಲು ಮನಸ್ಸಿಲ್ಲದಿದ್ದರೆ ಆ ಬಾಬ್ತಿನ ಹಣವನ್ನೇ ಕೈಗೆ ಕೊಡುತ್ತಾರೆ. ಈ ಎರಡನೆಯ ಸೌಲಭ್ಯ ಕಂಡುಹಿಡಿದವನು ಯಾರೋ, ಸಂಸಾರಸ್ಥನಂತೂ ಹೌದು. ಪ್ರತಿ ಸಲ ನಮ್ಮವರು ಭೂಪಟ ಹರಡಿಕೊಂಡು ಕೂತು, ಕಾಶ್ಮೀರಕ್ಕೆ ಹೋಗೋಣ ಎನ್ನುತ್ತಾರೆ. ವಿಮಾನ, ರೈಲನ್ನು ಬ್ಯಾಂಕು ನೋಡಿಕೊಳ್ಳುತ್ತದೆ, ಉಳಿದದ್ದು ನಾವು. ಆ 'ಉಳಿದದ್ದು' ವರ್ಷದಿಂದ ವರ್ಷಕ್ಕೆ ಹಿಮಾಲಯದಷ್ಟು ಬೆಳೆದು, ಕೊನೆಗೆ ಭೂಪಟ ಮಡಚಿ ಹಣ ತೆಗೆದುಕೊಳ್ಳುತ್ತೇವೆ. ಹಾಗೆ ಕಾಶ್ಮೀರವನ್ನು ಮಾರಿ ವಾಷಿಂಗ್ ಮಷೀನ್ ತಂದೆವು. ಇಂದಿಗೂ ನಮ್ಮ ಮನೆಯಲ್ಲಿ ಅದರ ಹೆಸರು ಕಾಶ್ಮೀರ. "ಕಾಶ್ಮೀರ ಯಾಕೋ ಗಡಗಡ ಅಂತಿದೆ ನೋಡೇ, ಬೆಡ್‌ಶೀಟ್ ಜಾಸ್ತಿ ತುರುಕಿದ್ಯಾ?" ಎಂದು ಇವರು ಪೇಪರ್ ಹಿಂದಿನಿಂದ ಕೇಳಿದರೆ ಹೊಸಬರು ಬೆಚ್ಚಿಬೀಳುತ್ತಾರೆ. ಮುಂದಿನ ಸಲ ಅಂಡಮಾನ್ ಎಂದುಕೊಂಡೆವು. ಅಷ್ಟರಲ್ಲಿ ಮಗಳು ಅನಘಾ ಹತ್ತನೇ ತರಗತಿ ಮುಗಿಸಿದಳು. ಅಂಡಮಾನ್ ಇಡಿಯಾಗಿ ಅವಳ ಕಾಲೇಜಿನ ಫೀಸಿಗೆ ಹೋಯಿತು. ಅವಳನ್ನು ಹಾಸ್ಟೆಲ್ಲಿಗೆ ಬಿಟ್ಟ ದಿನ ಗೇಟಿನ ಹತ್ತಿರ ಅವಳು ನಗುತ್ತಲೇ, "ಮೂರು ಜನ ಹೋಗ್ಬೇಕಿದ್ದ ಅಂಡಮಾನ್‌ಗೆ ನನ್ನೊಬ್ಬಳನ್ನೇ ಕಳಿಸ್ತಿದ್ದೀರಲ್ಲ ಅಪ್ಪಾ" ಎಂದಿದ್ದಳು. ನಾವೂ ನಕ್ಕಿದ್ದೆವು. ಕೆಲವು ಹಾಸ್ಯಗಳು ಬಿಸಿಯಲ್ಲಿ ನಗಿಸುತ್ತವೆ, ತಣ್ಣಗಾದ ಮೇಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ವಿಶಾಖಪಟ್ಟಣದಲ್ಲಿ ನಾವು ಆರು ವರ್ಷ ಇದ್ದವರು. ಆಗ ಊರಿನ ನೆಂಟರಿಗೆಲ್ಲ ನಮ್ಮ ಮನೆಯೇ ಹೋಟೆಲು. ಅವರನ್ನು ಕರೆದುಕೊಂಡು ಬೀಚಿನ ಸಬ್‌ಮರೀನ್ ಮ್ಯೂಸಿಯಮ್ಮಿನ ಒಳಗೆ ಎಷ್ಟು ಸಲ ಹೊಕ್ಕು ಬಂದಿದ್ದೇನೆಂದರೆ, ನೌಕಾಪಡೆ ನನಗೊಂದು ಪಿಂಚಣಿ ಕೊಟ್ಟರೂ ತಪ್ಪಿರಲಿಲ್ಲ. ಆಗ ಸಮುದ್ರ ಪುಕ್ಕಟೆ. ಪುಕ್ಕಟೆಯಾದ್ದರಿಂದ ಅದನ್ನು ಸರಿಯಾಗಿ ನೋಡಲಿಲ್ಲ. ನೆಂಟರ ಮಕ್ಕಳು ಅಲೆಗೆ ಹೋಗದಂತೆ ಅವರ ಅಂಗಿಯ ಕಾಲರನ್ನೇ ನೋಡುತ್ತಿದ್ದೆ. ಅನಘಾ ಇಂಟರ್ ಸೇರಿದ ವರ್ಷವೇ ಇವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಇಂಟರ್ ಎಂದರೆ ನಮ್ಮ ಪಿಯುಸಿ. ಆದರೆ ಇಲ್ಲಿ ಅದನ್ನು ಓದುವುದಿಲ್ಲ, ಅನುಭವಿಸುತ್ತಾರೆ. ಎರಡು ವರ್ಷದ ಫೀಸು ಒಟ್ಟಿಗೆ ಕಟ್ಟಿಯಾಗಿತ್ತು, ವಾಪಸಿನ ಮಾತಿಲ್ಲ. ಮಗಳು ಋಷಿಕೊಂಡದ ಗುಡ್ಡದ ಹಿಂದಿನ ಹಾಸ್ಟೆಲ್ಲಿನಲ್ಲಿ ಉಳಿದಳು. ನಾವು ಸಾಮಾನು ಕಟ್ಟಿಕೊಂಡು ಕೃಷ್ಣಾ ತೀರದ ಸೆಕೆಗೆ ಬಂದೆವು. ಆಗಾಗ ಒಮ್ಮೆ ಆ ಕಾಲೇಜಿನವರು 'ನೈಟ್ ಔಟಿಂಗ್' ಎಂದು ಕರುಣಿಸುತ್ತಾರೆ: ಶನಿವಾರ ಸಂಜೆ ಮಗುವನ್ನು ಕರೆದುಕೊಂಡು ಹೋಗಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಪಸ್ ಬಿಡಬೇಕು. ಹನ್ನೊಂದಕ್ಕೆ ಟೆಸ್ಟು. ನಮ್ಮ ಸಂಸಾರದ ವಿಹಾರಗಳು ಈಗ ಇಷ್ಟೇ.

ಈ ಸಲದ ವಿಹಾರಕ್ಕೆ ಒಂದು ವಿಶೇಷವಿತ್ತು. ಹಾಸ್ಟೆಲ್ಲಿನಿಂದ ಬುಧವಾರ ಬುಧವಾರ ಫೋನು ಬರುತ್ತದೆ, ಹಿಂದೆ ಸಾಲು ನಿಂತ ಹುಡುಗಿಯರ ಉಸಿರಿನ ಸಮೇತ. ಅನಘಾ ಊಟವಾಯ್ತಾ ಎಂದರೆ "ಪರವಾಲೇದು", ನಿದ್ದೆ ಬರುತ್ತಾ ಎಂದರೆ "ಪರವಾಲೇದು" ಎನ್ನುತ್ತಾಳೆ. ಪರವಾಗಿಲ್ಲ ಎಂದು ಕನ್ನಡದಲ್ಲಾದರೂ ಹೇಳಿದರೆ ನಿಜವೋ ಸುಳ್ಳೋ ನನಗೆ ಗೊತ್ತಾಗುತ್ತದೆ. ತೆಲುಗಿನಲ್ಲಿ ಅವಳು ನನಗಿಂತ ಜಾಣೆ. ಹೊರಡುವ ಹಿಂದಿನ ವಾರದ ಬುಧವಾರ ಮಾತ್ರ ಕೊನೆಯಲ್ಲಿ, "ಅಮ್ಮಾ, ಈ ಸಲ ಬರುವಾಗ ನಮ್ಮ ದೊಡ್ಡ ನೀಲಿ ಬ್ಯಾಗ್ ತಾ. ಖಾಲಿ ತಾ" ಎಂದು ಹೇಳಿ ಫೋನನ್ನು ಹಿಂದಿನವಳಿಗೆ ಕೊಟ್ಟುಬಿಟ್ಟಳು.

ದೊಡ್ಡ ನೀಲಿ ಬ್ಯಾಗು ಅವಳ ಸಾಮಾನೆಲ್ಲ ತುಂಬಿಕೊಂಡು ಹಾಸ್ಟೆಲ್ಲಿಗೆ ಹೋಗಿ, ಖಾಲಿಯಾಗಿ ನಮ್ಮ ಜೊತೆ ಮರಳಿದ ಬ್ಯಾಗು. ಅದನ್ನು ಮತ್ತೆ ಖಾಲಿ ತಾ ಎಂದರೆ ಏನರ್ಥ? "ಒಗೆಯೋ ಬಟ್ಟೆ ಇರ್ಬೇಕು ಕಣೇ. ಎಲ್ಲದಕ್ಕೂ ಅರ್ಥ ಹುಡುಕ್ಬೇಡ" ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಆ ಪೇಪರಿನ ಒಳಪುಟದಲ್ಲಿ ಯಾವುದೋ ಊರಿನ, ಯಾವುದೋ ಹಾಸ್ಟೆಲ್ಲಿನ, ಇನ್ನೆಂದೂ ಮನೆಗೆ ಮರಳದ ಯಾರದೋ ಮಗುವಿನ ಬಗ್ಗೆ ಆಗಾಗ ಬೆರಳುದ್ದದ ಸುದ್ದಿ ಇರುತ್ತದೆ. ಅಂಥ ದಿನ ನಾನು ಮೊದಲು ಓದಿ, ಆ ಪುಟವನ್ನು ಒಳಗೆ ಮಡಚಿ ಇವರಿಗೆ ಕೊಡುತ್ತೇನೆ. ಇವರು ಅದನ್ನು ಬಿಚ್ಚದೆ ಹಾಗೆಯೇ ಹಿಂದಿರುಗಿಸುತ್ತಾರೆ. ಬ್ಯಾಂಕಿನಲ್ಲಿ ಓದಿಕೊಳ್ಳುತ್ತಾರೆಂದು ನನಗೆ ಗೊತ್ತು.

ಖಾಲಿ ಬ್ಯಾಗು ಹೊತ್ತುಕೊಂಡು ಹೊರಟಾಗ ಎದುರು ಮನೆಯ ಪದ್ಮಾವತಿಗಾರು ಬಾಗಿಲಲ್ಲೇ ಸಿಕ್ಕರು. ನಮ್ಮ ಮನೆಯ ಬೀಗದ ಕೈ ಅವರ ಹತ್ತಿರವೇ ಇರುವುದು. ಅವರ ಇಬ್ಬರು ಗಂಡುಮಕ್ಕಳು ಕಾರಿಡಾರಿನಲ್ಲಿ ಚೆಂಡು ಹೊಡೆಯುವ ಸದ್ದಿನ ನಡುವೆ, ನನ್ನನ್ನು ಅತ್ತಿಗೆ ಮಾಡಿಕೊಂಡು ತೆಲುಗಿನಲ್ಲಿ ಕೂಗಿ ಹೇಳಿದರು: "ಮತ್ತೆ ವೈಜಾಗಾ ವದಿನಾ? ರಾಜಯೋಗ ಬಿಡಿ ನಿಮ್ಮದು! ಇದೇನು, ಬ್ಯಾಗು ಗಾಳಿಗೆ ಹಾರ್ತಿದೆ?" ನಾನು ನಕ್ಕೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೇಳಿಕೊಟ್ಟ ವಿದ್ಯೆಗಳಲ್ಲಿ ನನಗೆ ಪೂರ್ತಿ ಒಲಿದದ್ದು ಅದೊಂದೇ, ಉತ್ತರ ಗೊತ್ತಿಲ್ಲದಾಗ ನಗುವುದು.

ಆ ವಿದ್ಯೆಯಿಂದ ಆಗುವ ನಷ್ಟವನ್ನು ಹೋಟೆಲಿನ ಕೌಂಟರಿನಲ್ಲಿ ನೋಡಬೇಕು. ಹೋದ ಸಲ ಕೊಟ್ಟ ಬಾಡಿಗೆ ಈ ಸಲ ಹೇಳಿದರೆ ಕೌಂಟರಿನ ಹುಡುಗಿ ಅಜ್ಜಿಕಾಲದ ಕಥೆ ಕೇಳಿದವಳಂತೆ ಮುಖ ಮಾಡಿದಳು. "ಔಟಿಂಗ್ ವೀಕೆಂಡ್ ಅಲ್ವಾ ಮೇಡಂ, ಪೇರೆಂಟ್ಸ್ ರಷ್ಷು. ಗುಡ್ಡದ ಮೇಲಿನ ಐಟಿ ಆಫೀಸಿನವರೂ ಬರ್ತಾರೆ, ಹೈದರಾಬಾದಿಂದ ಕಾರುಗಳೂ ಬರ್ತಾವೆ." ಸಮುದ್ರ ಕಾಣದ ಕೋಣೆಗಳೆಲ್ಲ ಮೊದಲೇ ಭರ್ತಿಯಾಗಿದ್ದವು. ನಮ್ಮ ಹಾಗೆ ಕಾಸು ನೋಡುವ ಅಪ್ಪ ಅಮ್ಮಂದಿರು ಆಂಧ್ರದಲ್ಲಿ ಬೇಕಾದಷ್ಟಿದ್ದಾರೆ. ಉಳಿದದ್ದು ಸಮುದ್ರ ಕಾಣುವ ಕೋಣೆ. ಕಿಟಕಿಗೆ ಬೇರೆ ದರ. ಜೊತೆಗೆ 'ಔಟಿಂಗ್ ಪ್ಯಾಕೇಜ್' ಎಂಬುದನ್ನು ತೋರಿಸಿದಳು: ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಬೇಗ ತಿಂಡಿ, ಟೆಸ್ಟಿಗೆ ತಡವಾಗದಂತೆ ಬೆಳಿಗ್ಗೆ ಎಬ್ಬಿಸುವ ಫೋನು. ಕೊನೆಗೆ ಪೆನ್ನು ಎತ್ತಿ, "ಮಗಳಿಗೆ ಹನ್ನೆರಡು ದಾಟಿದೆಯಲ್ಲ, ಎಕ್ಸ್‌ಟ್ರಾ ಪರ್ಸನ್ ಚಾರ್ಜ್ ಬೀಳುತ್ತೆ" ಎಂದಳು. ಅವಳಿಗೋಸ್ಕರವೇ ನಾವು ಬಂದಿರುವುದಮ್ಮಾ, ನಾವಿಬ್ಬರೇ ಎಕ್ಸ್‌ಟ್ರಾ ಎಂದು ಹೇಳಬೇಕೆನಿಸಿತು. ಥ್ಯಾಂಕ್ಯೂ ಎಂದೆ. ನಮ್ಮ ನೀಲಿ ಬ್ಯಾಗನ್ನು ಎತ್ತಿಕೊಂಡ ರೂಮ್‌ಬಾಯ್ ಅದರ ಹಗುರಕ್ಕೆ ಮುಗ್ಗರಿಸುವಂತಾಗಿ, ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಕೋಣೆಗೆ ಬಂದ ಮೇಲೆ ಟವೆಲ್ಲುಗಳನ್ನು ಜೋರಾಗಿ ಎಣಿಸಿ ಹೋದ.

ಸಂಜೆ ಅನಘಾಳನ್ನು ಕರೆತಂದೆವು. ಸೊಂಟದ ತನಕ ಇದ್ದ ಜಡೆ ಭುಜದ ಮೇಲೆ ನಿಂತಿತ್ತು. "ಒಣಗಿಸೋ ಟೈಮಲ್ಲಿ ಒಂದು ಚಾಪ್ಟರ್ ಆಗುತ್ತಂತೆ, ಮೇಡಂ ಹೇಳಿದ್ರು. ಪರವಾಲೇದು ಅಮ್ಮಾ, ತಲೆ ಹಗುರ." ವಿಜಯವಾಡದಿಂದ ಹೊತ್ತು ತಂದ ಬಿಸಿಬೇಳೆಬಾತನ್ನು ತಟ್ಟೆಯ ಸುತ್ತ ಎಡಗೈ ಅಡ್ಡ ಇಟ್ಟುಕೊಂಡು ತಿಂದಳು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ. ಇವರು ಪರದೆ ಸರಿಸಿ, "ಪುಟ್ಟಾ, ನೋಡಿಲ್ಲಿ, ಸಮುದ್ರ!" ಎಂದು ಖರ್ಚನ್ನೆಲ್ಲ ಒಂದೇ ಕೈಯಲ್ಲಿ ತೋರಿಸಿದರು. "ಅಪ್ಪಾ, ಪ್ಲೀಸ್, ಕಣ್ಣಿಗೆ ಹೊಡೆಯುತ್ತೆ" ಎಂದಳು. ಪರದೆ ಮುಚ್ಚಿತು. ಕೈ ತೊಳೆದವಳು ಮಂಚದ ಮೇಲೆ ಕೂತಳು, ವಾಲಿದಳು, ನಿದ್ದೆ ಹೋದಳು. ದೊಡ್ಡ ಬ್ಯಾಗು ಯಾಕೆಂದು ಕೇಳಲು ನಾನು ಕಟ್ಟಿಟ್ಟುಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು.

ಅಷ್ಟು ದುಬಾರಿ ನಿದ್ದೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಾವಿಬ್ಬರೂ ಸೋಫಾದಲ್ಲಿ ಕೂತು ಅದನ್ನೇ ನೋಡಿದೆವು. ಟೀವಿಯನ್ನು ಸದ್ದಿಲ್ಲದೆ ಹಾಕಿಕೊಂಡು, ಅಡುಗೆ ಕಾರ್ಯಕ್ರಮದಲ್ಲಿ ಒಬ್ಬಾಕೆ ಮೂಕಿಯಂತೆ ಬದನೆಕಾಯಿ ಹೆಚ್ಚುವುದನ್ನು ಕಂಡೆವು. ಪರದೆಯಾಚೆ ಸಮುದ್ರ ತನ್ನಷ್ಟಕ್ಕೆ ಉರುಳುತ್ತಿತ್ತು, ಏಸಿಯ ಸದ್ದಿನಲ್ಲಿ ಅದೂ ಕೇಳಲಿಲ್ಲ. "ಸ್ವಲ್ಪ ಇಣುಕಿ ನೋಡ್ಲಾ? ದುಡ್ಡು ಕೊಟ್ಟಿದ್ದೀವಿ" ಎಂದು ಇವರು ಪಿಸುಗುಟ್ಟಿದರು. "ಬೆಳಕು ಬೀಳುತ್ತೆ ರೀ" ಎಂದೆ. ಮನೆಯಲ್ಲಿ ಕಾಲ ನಡುವೆ ಪುಟ್ಟ ದಿಂಬಿಲ್ಲದೆ ಮಲಗುತ್ತಿರಲಿಲ್ಲ ಅವಳು. ನಮ್ಮತ್ತೆ ಹತ್ತಿ ತುಂಬಿ ಹೊಲಿದುಕೊಟ್ಟದ್ದು, ಹಾಸ್ಟೆಲ್ಲಿಗೂ ಅದನ್ನು ಕಳಿಸಿದ್ದೆ. ಈಗ ನೋಡಿದರೆ ನೇರವಾಗಿ, ಅಲುಗದೆ, ಕೈಕಾಲು ತನ್ನ ಜಾಗದಲ್ಲೇ ಇಟ್ಟುಕೊಂಡು ಮಲಗಿದ್ದಳು. ಅಷ್ಟು ದೊಡ್ಡ ಮಂಚದಲ್ಲಿ ಹಾಸ್ಟೆಲ್ಲಿನ ಮಂಚದಷ್ಟೇ ಅಗಲವನ್ನು ಬಳಸಿಕೊಂಡಿದ್ದಳು.

ಬೆಳಿಗ್ಗೆ ಎಬ್ಬಿಸುವ ಫೋನು ಬಂದಾಗ ಅದು ಎರಡನೆಯ ಸಲ ಹೊಡೆದುಕೊಳ್ಳುವ ಮೊದಲೇ ಎದ್ದು ನಿಂತಿದ್ದಳು. ಕೆಳಗೆ ತಿಂಡಿಯ ಹಾಲಿಗೆ ಹೋದರೆ, ಒಂದು ಮದುವೆಗೆ ಆಗುವಷ್ಟು ಜನ, ಒಂದು ಸಾವಿನ ಮನೆಯಲ್ಲಿರುವಷ್ಟು ಸದ್ದು. ಪ್ರತಿ ಮೇಜಿಗೂ ಒಬ್ಬ ಅಪ್ಪ, ಒಬ್ಬ ಅಮ್ಮ, ನಡುವೆ ತೂಕಡಿಸುವ ಒಂದು ಮಗು. ನನ್ನ ಜೊತೆ ಹಾಲು ಹುಡುಕಿದ ತಾಯಿ, ಇಡ್ಲಿಯನ್ನು ಪೆಸರಟ್ಟು ದೋಸೆಯ ಚಟ್ನಿಯಲ್ಲಿ ಅದ್ದಿ ಮೀಸೆ ಬಂದ ಮಗನಿಗೆ ತುತ್ತು ಮಾಡಿ ಕೊಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದ. ನಮ್ಮವರು ಕಿಟಕಿಯ ನಷ್ಟವನ್ನು ತಿಂಡಿಯಲ್ಲಿ ತುಂಬಿಕೊಳ್ಳುವ ಹಟದಿಂದ, ಸಕ್ಕರೆ ಕಾಯಿಲೆಯನ್ನು ಮರೆತು, ಅನಾನಸ್ಸು, ಕೇಕು, ಮತ್ತೆ ಅನಾನಸ್ಸು ತಂದರು. ಅನಘಾ ಎರಡು ಇಡ್ಲಿಯನ್ನು ನಿಂತೇ ಮುಗಿಸಿ, "ಆಯ್ತಾ? ಹೋಗೋಣ್ವಾ?" ಎಂದಳು. ಹೊತ್ತು ಇನ್ನೂ ಬೇಕಾದಷ್ಟಿತ್ತು.

ದಾರಿಯಲ್ಲಿ ಆಟೋ ನಿಲ್ಲಿಸಿ ಇವರು ಒಂದು ಫೋಟೋ ತೆಗೆದರು. ಹಿಂದೆ ಸಮುದ್ರ, ಮುಂದೆ ನಾವು ತಾಯಿ ಮಗಳು. ಅದರಲ್ಲಿ ಸಮುದ್ರ ತುಂಬ ಚೆನ್ನಾಗಿ ಬಂದಿದೆ. ಅವಳ ಕಣ್ಣು ಮುಚ್ಚಿಕೊಂಡಿದೆ. ನಾನು ಅವಳನ್ನು ನೋಡುತ್ತಿದ್ದೇನೆ.

ಹಾಸ್ಟೆಲ್ಲಿನ ಗೇಟಿನೊಳಗೆ ಅಪ್ಪ ಅಮ್ಮಂದಿರಿಗೆ ಪ್ರವೇಶವಿಲ್ಲ. ಅನಘಾ ಖಾಲಿ ಬ್ಯಾಗನ್ನು ತೋಳಿಗೆ ಸಿಕ್ಕಿಸಿಕೊಂಡು, "ಇಲ್ಲೇ ಇರಿ, ಬಂದೆ" ಎಂದು ಒಳಗೆ ಹೋದಳು. ನಾವು ಬಾದಾಮಿ ಮರದ ಕೆಳಗೆ ನಿಂತೆವು. 'ಬಂದೆ' ಎಂದರೆ ಬ್ಯಾಗು ಕೊಡಲು ಬರುತ್ತಾಳೋ, ಬ್ಯಾಗಿನ ಜೊತೆ ಬರುತ್ತಾಳೋ? ಬಂದು "ಹೋಗೋಣ" ಎಂದುಬಿಟ್ಟರೆ? ನಾನು ಅಲ್ಲೇ ಒಂದು ನಿರ್ಧಾರ ಮಾಡಿದೆ. ಕೈ ಹಿಡಿದುಕೊಂಡು ನಡೆದುಬಿಡುವುದು. ಫೀಸು ಹೋದರೆ ಹೋಗಲಿ, ಅಂಡಮಾನ್ ಮೊದಲೇ ಮಾರಿಯಾಗಿದೆ. ಪ್ರಿನ್ಸಿಪಾಲರು ತಡೆದರೆ ಹೇಳಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟತೊಡಗಿದೆ. ಕಾನ್ವೆಂಟಿನಲ್ಲಿ ಬರೆಸುತ್ತಿದ್ದ ರಜಾ ಅರ್ಜಿ ಬಿಟ್ಟು ಬೇರೆ ಧಾಟಿಯೇ ನನಗೆ ಬರದು. 'ವಿತ್ ಡ್ಯೂ ರೆಸ್ಪೆಕ್ಟ್ ಸರ್' ಎಂದು ಶುರುವಾದ ನನ್ನ ಬಂಡಾಯ 'ಯುವರ್ಸ್ ಒಬೀಡಿಯೆಂಟ್ಲಿ' ಎಂಬಲ್ಲಿಗೇ ಹೋಗಿ ಮುಟ್ಟುತ್ತಿತ್ತು. ಇವರನ್ನು ನೋಡಿದೆ. ಕರ್ಚೀಫಿನಿಂದ ಒಣ ಕತ್ತನ್ನು ಒರೆಸಿಕೊಳ್ಳುತ್ತಿದ್ದರು. "ರೀ, ಅವಳೇನಾದ್ರೂ..." ಎಂದೆ. "ಒಗೆಯೋ ಬಟ್ಟೆ ಕಣೇ" ಎಂದರು, ಗೇಟಿನಿಂದ ಕಣ್ಣು ತೆಗೆಯದೆ.

ಅನಘಾ ಬಂದಳು. ಬ್ಯಾಗು ಉಬ್ಬಿಕೊಂಡು ನೆಲಕ್ಕೆ ಜೋತಿತ್ತು; ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದನ್ನು ವಾಚ್‌ಮನ್ ಹಿಡಿದಿದ್ದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಗೇಟಿನ ಗೆರೆಯ ಹತ್ತಿರ ಅವಳು ನಿಂತಳು. ಬ್ಯಾಗು ಮಾತ್ರ ಗೆರೆ ದಾಟಿತು.

"ಇದೆಲ್ಲ ಮನೆಗೆ ತಗೊಂಡ್ಹೋಗು ಅಮ್ಮಾ. ಇಲ್ಲಿ ಬೇಡ."

"ನೀನು?" ಎಂದೆ. ಇಂಗ್ಲಿಷಿನ ಅಷ್ಟು ದೊಡ್ಡ ವಾಕ್ಯದಲ್ಲಿ ಹೊರಬಂದದ್ದು ಕನ್ನಡದ ಅದೊಂದೇ ಪದ.

"ನಾನೇನು? ಟೆಸ್ಟಿದೆ." ಅವಳು ನನ್ನ ಸೆರಗಿನ ಪಿನ್ನು ಸೊಟ್ಟಗಿದ್ದದ್ದನ್ನು ಸರಿಮಾಡಿದಳು. "ಇವೆಲ್ಲ ಕಣ್ಣಿಗೆ ಬಿದ್ರೆ ಓದಕ್ಕಾಗಲ್ಲ ಅಮ್ಮಾ. ಮನೆ ನೆನಪಾಗುತ್ತೆ. ಇಲ್ದಿದ್ರೆ ಪರವಾಲೇದು." ಆಮೇಲೆ ಅವಳ ಅಪ್ಪನ ಕಡೆ ತಿರುಗಿ, "ಅನಾನಸ್ ಅಷ್ಟು ತಿಂದ್ರಲ್ಲ, ರೈಲಲ್ಲಿ ಮಾತ್ರೆ ಮರೀಬೇಡಿ" ಎಂದು ಹೇಳಿ ಒಳಗೆ ಹೋದಳು. ನಾನು ವಾಚ್‌ಮನ್‌ಗೆ ಥ್ಯಾಂಕ್ಯೂ ಎಂದೆ.

ರೈಲಿನಲ್ಲಿ ಬ್ಯಾಗು ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಕೂತಿತು. ಜಿಪ್ಪನ್ನು ನಾಲ್ಕು ಬೆರಳಷ್ಟು ಸರಿಸಿ ನೋಡಿದೆ. ಮೇಲೆ ಪುಟ್ಟ ದಿಂಬು. ಅದರ ಕೆಳಗೆ ಬಣ್ಣದ ಪೆಟ್ಟಿಗೆ, ಷಟಲ್ ಬ್ಯಾಟು, ಹುಟ್ಟುಹಬ್ಬದ ರೇಷ್ಮೆ ಲಂಗ, ಒಂದು ರಾಶಿ ಕನ್ನಡ ಕಥೆ ಪುಸ್ತಕ, ನಮ್ಮ ಮೂವರ ಫೋಟೋ. ಓದಕ್ಕಾಗದಂತೆ ಮಾಡುವ ವಸ್ತುಗಳಲ್ಲಿ ನಾವೂ ಸೇರಿದ್ದೆವು. ಜಿಪ್ಪು ಎಳೆದೆ. ದುವ್ವಾಡ ದಾಟಿದ ಮೇಲೆ ಟಿ.ಟಿ. ಬಂದ. ಇವರು ಮೊಬೈಲು ಚಾಚಿದರು. ಆತ ನೋಡಿ, ನಮ್ಮಿಬ್ಬರನ್ನು ನೋಡಿ, "ಮೂರನೆಯವರು?" ಎಂದ.

"ರಾಲೇದಂಡಿ" ಎಂದರು ಇವರು. ಬರಲಿಲ್ಲ.

ನಾನು ಇವರ ಕಡೆ ನೋಡಿದೆ. ಇವರು ಕಿಟಕಿಯ ಕಡೆ ನೋಡಿದರು. ಪರವಾಡದ ಕಡೆಯ ಹೊಗೆಯ ಕೊಳವೆಗಳನ್ನು ಅಷ್ಟು ಆಸಕ್ತಿಯಿಂದ ಯಾರೂ ನೋಡಿರಲಾರರು. ಒಗೆಯೋ ಬಟ್ಟೆ, ಒಗೆಯೋ ಬಟ್ಟೆ ಎಂದು ವಾರವಿಡೀ ನನ್ನ ಬಾಯಿ ಮುಚ್ಚಿಸಿದ ಮನುಷ್ಯ, ಒಂದು ಕಪ್ ರೈಲಿನ ಕಾಫಿಗೂ ಹಿಂದೆಮುಂದೆ ನೋಡುವ ಮನುಷ್ಯ, ನನಗೆ ಹೇಳದೆ ಬರುವ ದಾರಿಗೆ ಮೂರು ಟಿಕೆಟ್ ತೆಗೆಸಿದ್ದರು. ಟಿ.ಟಿ. ತನ್ನ ಕೆಲಸ ಮಾಡಿದ. ಬ್ಯಾಗನ್ನು ಮೇಲಕ್ಕೇರಿಸಿ, ಬಾಗಿಲ ಬಳಿ ನಿಂತಿದ್ದ ಯಾರೋ ಒಬ್ಬರನ್ನು ಆ ಸೀಟಿನಲ್ಲಿ ಕೂರಿಸಿದ. ಅವರು ನಮ್ಮ ನಡುವೆ ಕೂತು ರಾಜಮಂಡ್ರಿಯ ತನಕ ಗೊರಕೆ ಹೊಡೆದರು. ನಾನು ಅವರ ತಲೆಯ ಮೇಲಿಂದ ಕೈ ಚಾಚಿ ಇವರಿಗೆ ಮಾತ್ರೆ ಕೊಟ್ಟೆ. ಇವರು ತೆಗೆದುಕೊಂಡರು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಲಿಫ್ಟು ಕೆಟ್ಟಿತ್ತು. ಇಬ್ಬರೂ ಒಂದೊಂದು ಹಿಡಿ ಹಿಡಿದು, ಮೆಟ್ಟಿಲಿಗೊಮ್ಮೆ ಇಳಿಸಿ, ಏದುಸಿರು ಬಿಡುತ್ತ ಬ್ಯಾಗನ್ನು ಮೇಲೆ ತಂದೆವು. ಪದ್ಮಾವತಿಗಾರು ಬೀಗದ ಕೈ ಹಿಡಿದು ಬಾಗಿಲಲ್ಲೇ ಕಾದಿದ್ದರು. ಅವರ ಹಿಂದೆ ಮಕ್ಕಳಿಬ್ಬರೂ ರಿಮೋಟಿಗಾಗಿ ಹೊಡೆದಾಡುತ್ತಿದ್ದರು. ಇವರು ಕಳಿಸಿದ್ದ ಸಮುದ್ರದ ಫೋಟೋವನ್ನು ಆಗಲೇ ನೋಡಿದ್ದರಂತೆ. ಕೀ ನನ್ನ ಕೈಗಿಟ್ಟು, ಕುತೂಹಲ ತಡೆಯದೆ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಲು ನೋಡಿ, ಆಗದೆ ಬಿಟ್ಟರು. ನಾನು ಅಭ್ಯಾಸದಂತೆ ನಕ್ಕೆ.

"ಅಬ್ಬಾ! ಟೂರು ಅಂದ್ರೆ ಹೀಗಿರ್ಬೇಕು ವದಿನಾ," ಎಂದರು, ಒಳಗಿನ ಗಲಾಟೆಗೆ ಬಾಗಿಲೆಳೆದುಕೊಳ್ಳುತ್ತ. "ಹೋಗುವಾಗ ಖಾಲಿ, ಬರುವಾಗ ಎತ್ತೋಕಾಗದಷ್ಟು. ನಾವು ಹೋದ್ರೆ ಈ ಇಬ್ಬರನ್ನ ವಾಪಸ್ ಕರ್ಕೊಂಡು ಬರೋದ್ರಲ್ಲೇ ಸಾಕಾಗುತ್ತೆ, ಇನ್ನು ಶಾಪಿಂಗ್ ಎಲ್ಲಿಂದ ಬರ್ಬೇಕು!"